ಹಾಲು ಸುರಿಯುವವಳು ಹಳದಿಯಾದ ಕಥೆ

ಒಂದು ಮ್ಯೂಸಿಯಂ. ಅದರ ಅಂಗಡಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಮಾರಾಟಕ್ಕಿದೆ. ಅದರ ಮೇಲಿರೋದು ಅದೇ ಮ್ಯೂಸಿಯಂನಲ್ಲಿರುವ ಜಗತ್ಪ್ರಸಿದ್ಧ ಚಿತ್ರ, ಬಣ್ಣಗಳೂ ಸರಿಯಾಗಿಯೇ ಇವೆ. ಆದರೆ ಬಂದ ಜನ ಅದನ್ನು ನಂಬೋದಿಲ್ಲ. ಅಸಲಿ ಚಿತ್ರ ಹೀಗಿಲ್ಲ, ಇನ್ನೂ ಹಳದಿಯಾಗಿದೆ ಅನ್ನೋದು ಅವರ ತಕರಾರು. ಅವರು ಅಷ್ಟು ಖಾತ್ರಿಯಿಂದ ಹೇಳೋದಕ್ಕೆ ಕಾರಣ, ಅವರೆಲ್ಲ ಆ ಚಿತ್ರವನ್ನು ಮೊದಲೇ ಇಂಟರ್‌ನೆಟ್ಟಿನಲ್ಲಿ ನೋಡಿಯಾಗಿದೆ.

ಇದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಅನುಭವಿಸಿದ ಸಂಕಟ. ಚಿತ್ರ ಯೊಹಾನೆಸ್ ವರ್ಮೀರ್ ಸುಮಾರು 1660ರಲ್ಲಿ ಬರೆದದ್ದು. ಇಂಗ್ಲಿಷಿನವರು ಅದನ್ನು 'ಮಿಲ್ಕ್‌ಮೇಡ್' ಅಂತ ಕರೆಯುತ್ತಾರೆ. ಹಾಗಂತ ಚಿತ್ರದಲ್ಲಿರೋದು ಹಾಲು ಕರೆಯುವ ಗೌಳಗಿತ್ತಿಯಲ್ಲ, ಒಬ್ಬರ ಮನೆಯ ಅಡುಗೆ ಕೆಲಸದಾಕೆ. ಕಿಟಕಿಯ ಬೆಳಕಿನಲ್ಲಿ ನಿಂತು ಮಣ್ಣಿನ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ, ಅಷ್ಟೇ. ಆ ಮ್ಯೂಸಿಯಂ ಒಮ್ಮೆ ಲೆಕ್ಕ ಹಾಕಿದಾಗ ಈ ಚಿತ್ರದ 10,000ಕ್ಕೂ ಹೆಚ್ಚು ಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕವು. ಹೆಚ್ಚಿನವು ಕಳಪೆ, ಹಳದಿ ಬಳಿದಂಥವು. ಯುರೋಪಿನ ಮ್ಯೂಸಿಯಂ ಮತ್ತು ಗ್ರಂಥಾಲಯಗಳ ಸಂಗ್ರಹವನ್ನು ಒಂದೆಡೆ ತೋರಿಸುವ ಯುರೋಪಿಯಾನಾ ಸಂಸ್ಥೆ 2011ರಲ್ಲಿ ಒಂದು ವರದಿ ತಂದಾಗ ಅದಕ್ಕೆ ಇಟ್ಟ ಹೆಸರೇ 'ಹಳದಿ ಮಿಲ್ಕ್‌ಮೇಡ್ ಸಮಸ್ಯೆ'.

ಇವತ್ತು ಮ್ಯೂಸಿಯಂ ಚಿತ್ರಗಳನ್ನು ಆನ್‌ಲೈನ್ ಹಾಕೋದು ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ, ಅದರಲ್ಲೂ ಸಾಫ್ಟ್‌ವೇರ್ ಕೆಲಸದವರಿಗೆ, ಅದೊಂದು ಸಣ್ಣ ಪ್ರಾಜೆಕ್ಟ್ ಅನ್ನಿಸುತ್ತೆ. ಫೋಟೊ ತೆಗಿ, ಸರ್ವರ್‌ಗೆ ಏರಿಸು, ಮುಗೀತು. ಇದು ಯಾಕೆ ಅಷ್ಟು ಸುಲಭವಾಗಲಿಲ್ಲ, ಕ್ಯಾಮೆರಾ ಮತ್ತು ಸರ್ವರ್ ಎರಡೂ ಇದ್ದ ದೊಡ್ಡ ದೊಡ್ಡ ಮ್ಯೂಸಿಯಂಗಳೇ ಯಾಕೆ ಹತ್ತಾರು ವರ್ಷ ಹಿಂದೆ ಮುಂದೆ ನೋಡಿದವು ಅನ್ನೋದನ್ನು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಈ ಹಳದಿ ಹೆಂಗಸು.

ಬಣ್ಣ ಎಲ್ಲಿ ಕೆಡುತ್ತೆ?

ಮೊದಲು ತಾಂತ್ರಿಕ ವಿಷಯ ಮುಗಿಸಿಬಿಡೋಣ. ಹಳೆಯ ತೈಲಚಿತ್ರದ ಮೇಲೆ ವಾರ್ನಿಶ್ ಇರುತ್ತೆ, ಕಾಲ ಕಳೆದ ಹಾಗೆ ಅದು ಹಳದಿಗಟ್ಟುತ್ತೆ. ಶುಚಿ ಮಾಡೋ ಮೊದಲು ತೆಗೆದ ಫೋಟೊಗೂ ಆಮೇಲೆ ತೆಗೆದ ಫೋಟೊಗೂ ವ್ಯತ್ಯಾಸ ಇರುತ್ತೆ. ಆ ಫೋಟೊ ಪುಸ್ತಕದಲ್ಲಿ ಅಚ್ಚಾದಾಗ ಶಾಯಿ, ಕಾಗದ ಎರಡೂ ತಮ್ಮ ಪಾಲಿನ ಬಣ್ಣ ಸೇರಿಸುತ್ತವೆ. ಯಾರೋ ಆ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುತ್ತಾರೆ. ಇನ್ನೊಬ್ಬರು ಅದನ್ನು ಇಳಿಸಿಕೊಂಡು ಕುಗ್ಗಿಸಿ ಬ್ಲಾಗಿಗೆ ಹಾಕುತ್ತಾರೆ. ಬಾಯಿಂದ ಬಾಯಿಗೆ ಹೋದ ಸುದ್ದಿಯ ಗತಿಯೇ ಇದರದ್ದೂ.

ವರ್ಮೀರ್ ಆ ಹೆಂಗಸಿನ ನೀಲಿ ಬಟ್ಟೆಗೆ ಬಳಸಿದ್ದು ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ದುಬಾರಿ ಬಣ್ಣ. ಹಳದಿ ಪ್ರತಿಗಳಲ್ಲಿ ಅದೇ ನೀಲಿ ಹಸಿರಿಗೆ ತಿರುಗಿಬಿಡುತ್ತೆ. ಹಿಂದಿನ ಬಿಳಿ ಗೋಡೆಯಲ್ಲಿ ಅವನು ಒಂದು ಮೊಳೆ, ಕಿತ್ತ ಮೊಳೆಗಳ ತೂತುಗಳನ್ನೂ ಬಿಡದೆ ಬರೆದಿದ್ದಾನೆ. ಕುಗ್ಗಿಸಿದ ಪ್ರತಿಯಲ್ಲಿ ಅವು ಮಾಯ. ಗೋಡೆ ಬರೀ ಗೋಡೆಯಾಗುತ್ತೆ. ಒಂದು ಬಡ ಅಡುಗೆಮನೆಯ ನಿಜ ಆ ತೂತುಗಳಲ್ಲೇ ಇದೆ ಅಂತ ನನಗನ್ನಿಸುತ್ತೆ.

ಇದನ್ನು ತಪ್ಪಿಸುವ ದಾರಿ ಗೊತ್ತಿಲ್ಲದ್ದೇನಲ್ಲ. ಚಿತ್ರದ ಜೊತೆ ಬಣ್ಣದ ಚೌಕಗಳಿರುವ ಒಂದು ಅಳತೆ ಕಾರ್ಡ್ ಇಟ್ಟು ಫೋಟೊ ತೆಗೆಯುತ್ತಾರೆ, ಆ ಕಾರ್ಡಿನ ಬಣ್ಣಗಳು ಕಂಪ್ಯೂಟರಿನಲ್ಲಿ ಸರಿ ಕಂಡರೆ ಚಿತ್ರದ್ದೂ ಸರಿ ಅಂತ ಲೆಕ್ಕ. ಕೆಲಸ ನಿಧಾನದ್ದು. ಒಂದೊಂದು ಕೃತಿಯನ್ನೂ ಉಗ್ರಾಣದಿಂದ ಹೊರಗೆ ತರಬೇಕು, ಅದರ ಸ್ಥಿತಿ ಪರೀಕ್ಷಿಸಬೇಕು, ಕಾಗದದ ಮೇಲಿನ ಚಿತ್ರವಾದರೆ ಅತಿಯಾದ ಬೆಳಕು ಬೀಳದ ಹಾಗೆ ನೋಡಿಕೊಳ್ಳಬೇಕು. ರೈಕ್ಸ್‌ಮ್ಯೂಸಿಯಂನಲ್ಲಿರುವ ವಸ್ತುಗಳು ಸುಮಾರು 10 ಲಕ್ಷ. ಪ್ರದರ್ಶನಕ್ಕೆ ಇಟ್ಟಿರೋದು ಸುಮಾರು 8,000. ಉಳಿದದ್ದನ್ನು ಸಾಮಾನ್ಯ ಮನುಷ್ಯ ನೋಡೋದಕ್ಕೆ ಆನ್‌ಲೈನ್ ಬಿಟ್ಟರೆ ಸುಲಭದ ದಾರಿ ಇಲ್ಲ.

ಆದರೂ ತಡೆ ಇದ್ದದ್ದು ಇಲ್ಲಲ್ಲ. ಕ್ಯಾಮೆರಾದವನ ಕೆಲಸ ಮುಗಿದ ಮೇಲೆ, ಆ ಫೋಟೊ ಯಾರದ್ದು ಅನ್ನೋ ಪ್ರಶ್ನೆಯಲ್ಲಿ.

ಚಿತ್ರದ ಚಿತ್ರ ಯಾರದು?

ವರ್ಮೀರ್ ಸತ್ತದ್ದು 1675ರಲ್ಲಿ. ಅವನ ಚಿತ್ರಕ್ಕೆ ಕಾಪಿರೈಟ್ ಇಲ್ಲ, ಅದು ಎಲ್ಲರದ್ದು. ಅದರ ಫೋಟೊ? ಫೋಟೊಗ್ರಾಫರ್ ಶ್ರಮ ಹಾಕಿದ್ದಾನೆ, ದುಬಾರಿ ದೀಪ, ಲೆನ್ಸ್ ಬಳಸಿದ್ದಾನೆ. ಅದಕ್ಕೆ ಹೊಸ ಕಾಪಿರೈಟ್ ಹುಟ್ಟುತ್ತಾ?

ಮ್ಯೂಸಿಯಂಗಳು ಬಹಳ ಕಾಲ ಹುಟ್ಟುತ್ತೆ ಅಂತಲೇ ನಂಬಿದ್ದವು. ಪುಸ್ತಕ ಬರೆಯುವವರು, ಪ್ರಕಾಶಕರು ಚಿತ್ರ ಬೇಕೆಂದರೆ ಬಣ್ಣದ ಫಿಲ್ಮ್ ಬಾಡಿಗೆಗೆ ತಂದು, ಶುಲ್ಕ ಕಟ್ಟಿ, ಬಳಸಿ ವಾಪಸ್ ಕೊಡಬೇಕಿತ್ತು. ಇದೇ ವ್ಯಾಪಾರ ನಡೆಸಲು ಲಂಡನ್ನಿನಲ್ಲಿ 1972ರಲ್ಲಿ ಬ್ರಿಜ್‌ಮನ್ ಆರ್ಟ್ ಲೈಬ್ರರಿ ಶುರುವಾಯಿತು. ಮುಂದೆ ಕೊರೆಲ್ ಎಂಬ ಸಾಫ್ಟ್‌ವೇರ್ ಕಂಪನಿ (ಡಿಟಿಪಿ ಮಾಡಿದವರಿಗೆಲ್ಲ ಕೊರೆಲ್‌ಡ್ರಾ ನೆನಪಿರುತ್ತೆ) ಹಳೆಯ ಕಲಾಕೃತಿಗಳ ಫೋಟೊಗಳನ್ನು ಸಿಡಿಯಲ್ಲಿ ತುಂಬಿ ಮಾರಿತು. ಬ್ರಿಜ್‌ಮನ್ ನ್ಯೂಯಾರ್ಕ್ ಕೋರ್ಟಿಗೆ ಹೋಯಿತು.

1999ರ ತೀರ್ಪಿನಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲನ್ ಬ್ರಿಜ್‌ಮನ್ ಕೇಸನ್ನು ವಜಾ ಮಾಡಿದರು. ಅವರ ವಾದದ ತಿರುಳು ಸರಳ. ಚಪ್ಪಟೆ ಚಿತ್ರವೊಂದರ ಯಥಾವತ್ ನಕಲು ತೆಗೆಯೋದಕ್ಕೆ ಕೌಶಲ ಬೇಕು, ನಿಜ. ಆದರೆ ನಕಲು ಎಷ್ಟು ಚೆನ್ನಾಗಿದ್ದರೆ ಅದರಲ್ಲಿ ಫೋಟೊಗ್ರಾಫರನ ಸ್ವಂತದ್ದು ಅಷ್ಟು ಕಡಿಮೆ. ಸ್ವಂತಿಕೆ ಇಲ್ಲದ ಕಡೆ ಕಾಪಿರೈಟ್ ಇಲ್ಲ.

ಒಳ್ಳೆ ವಾದ ಅಲ್ವಾ? ಆದರೆ ಇದು ಅಮೆರಿಕದ ಒಂದು ಜಿಲ್ಲಾ ಮಟ್ಟದ ಕೋರ್ಟಿನ ತೀರ್ಪು. ಬ್ರಿಟನ್ನಿನ ಮ್ಯೂಸಿಯಂಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ನಂತರ, 2009ರಲ್ಲಿ, ಅದರ ಬಿಸಿ ಮುಟ್ಟಿತು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ತನ್ನ ವೆಬ್‌ಸೈಟಿನಲ್ಲಿ ಚಿತ್ರಗಳನ್ನು ಹಿಗ್ಗಿಸಿ ನೋಡಬಹುದು, ಆದರೆ ಪೂರ್ತಿ ಇಳಿಸಿಕೊಳ್ಳೋಕಾಗದು ಅನ್ನೋ ಹಾಗೆ ತುಂಡು ತುಂಡಾಗಿ ಇಟ್ಟಿತ್ತು. ವಿಕಿಪೀಡಿಯದ ಒಬ್ಬ ಅಮೆರಿಕನ್ ಸ್ವಯಂಸೇವಕ ಆ ತುಂಡುಗಳನ್ನು ಜೋಡಿಸಿ 3,000ಕ್ಕೂ ಹೆಚ್ಚು ದೊಡ್ಡ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿಬಿಟ್ಟ. ಗ್ಯಾಲರಿ ವಕೀಲರ ಮೂಲಕ ನೋಟಿಸ್ ಕಳಿಸಿತು. ಅವನಿದ್ದ ದೇಶದ ಕಾನೂನಿನಲ್ಲಿ ಅದು ತಪ್ಪಲ್ಲ, ಗ್ಯಾಲರಿ ಇದ್ದ ದೇಶದಲ್ಲಿ ತಪ್ಪಿರಬಹುದು. ಕೇಸು ಕೋರ್ಟಿನವರೆಗೆ ಹೋಗಲೇ ಇಲ್ಲ. 2012ರಲ್ಲಿ ಗ್ಯಾಲರಿಯೇ ನಿಯಮ ಸಡಿಲಿಸಿ, ಲಾಭಕ್ಕಲ್ಲದ ಬಳಕೆಗೆ ಸಾವಿರಾರು ಚಿತ್ರಗಳನ್ನು ಉಚಿತವಾಗಿ ಕೊಡಲು ಶುರುಮಾಡಿತು.

ದುಡ್ಡಿನ ಲೆಕ್ಕ

ಮ್ಯೂಸಿಯಂಗಳ ಕಡೆಯ ಮಾತನ್ನೂ ಕೇಳಬೇಕು. ಫೋಟೊ ತೆಗೆಯೋದಕ್ಕೆ ಖರ್ಚಾಗಿದೆ, ಅದನ್ನು ಮಾರಿ ವಾಪಸ್ ಪಡೆಯುತ್ತೇವೆ ಅನ್ನೋದು ಅನ್ಯಾಯದ ಮಾತೇನಲ್ಲ. ಪ್ರಶ್ನೆ ಏನೆಂದರೆ, ನಿಜವಾಗಿ ವಾಪಸ್ ಬರುತ್ತಾ?

2004ರಲ್ಲಿ ಸೈಮನ್ ಟ್ಯಾನರ್ ಎಂಬ ಸಂಶೋಧಕ ಅಮೆರಿಕದ ಕಲಾ ಮ್ಯೂಸಿಯಂಗಳ ಈ ವ್ಯವಹಾರವನ್ನು ಅಧ್ಯಯನ ಮಾಡಿದ. ಎಲ್ಲ ಖರ್ಚು ಲೆಕ್ಕ ಹಾಕಿದರೆ ಫೋಟೊ ಮಾರಾಟದಿಂದ ಹೇಳಿಕೊಳ್ಳುವಂಥ ಲಾಭ ಬರ್ತಿಲ್ಲ ಅಂತ ಕಂಡುಬಂತು. ಅರ್ಜಿ ಓದು, ಶುಲ್ಕ ಹೇಳು, ಬಿಲ್ ಕಳಿಸು, ಒಪ್ಪಂದಕ್ಕೆ ಸಹಿ ಹಾಕಿಸು, ಇಷ್ಟಕ್ಕೇ ಸಿಬ್ಬಂದಿಯ ಸಂಬಳ ಹೋಗುತ್ತೆ.

ರೈಕ್ಸ್‌ಮ್ಯೂಸಿಯಂ ಇದೇ ಲೆಕ್ಕವನ್ನು ತನ್ನ ಮನೆಯಲ್ಲೇ ಮಾಡಿ ನೋಡಿತು. 2003ರಿಂದ ಅದರ ಮುಖ್ಯ ಕಟ್ಟಡ ದುರಸ್ತಿಗೆ ಮುಚ್ಚಿತ್ತು. ಬಾಗಿಲು ಹಾಕಿದ ಮ್ಯೂಸಿಯಂ ಜನರಿಗೆ ಹೇಗೆ ತಲುಪಬೇಕು ಅನ್ನೋ ಯೋಚನೆ ಅವರಿಗೆ ಇತ್ತು. ಮೊದಲು ಮಧ್ಯಮ ಗಾತ್ರದ ಚಿತ್ರಗಳನ್ನು ಬಿಟ್ಟಿ ಕೊಟ್ಟು, ಅತಿ ದೊಡ್ಡ ಫೈಲಿಗೆ 40 ಯೂರೊ ಇಟ್ಟರು. 2012ರಲ್ಲಿ ಚಿತ್ರಗಳ ಮಾರಾಟದಿಂದ ಬಂದದ್ದು ಸುಮಾರು 1,81,000 ಯೂರೊ. ಕೇಳೋದಕ್ಕೆ ದೊಡ್ಡ ಮೊತ್ತ, ಆದರೆ ಮ್ಯೂಸಿಯಂನ ಒಟ್ಟು ಆದಾಯದಲ್ಲಿ ಅದು ಶೇಕಡ 0.2ರಷ್ಟು ಮಾತ್ರ. ಅದೇ ವರ್ಷ ಅಕ್ಟೋಬರಿನಲ್ಲಿ 1,25,000 ಕೃತಿಗಳೊಂದಿಗೆ 'ರೈಕ್ಸ್‌ಸ್ಟುಡಿಯೊ' ತೆರೆದರು. ಮುಂದಿನ ವರ್ಷ ಆ 40 ಯೂರೊ ಶುಲ್ಕವನ್ನೂ ತೆಗೆದುಹಾಕಿದರು. ಯಾರು ಬೇಕಾದರೂ ಇಳಿಸಿಕೊಳ್ಳಿ, ಟೀಶರ್ಟ್ ಮಾಡಿ, ಮಾರಿ, ನಮ್ಮನ್ನು ಕೇಳಬೇಕಿಲ್ಲ.

ಆಗ ಸಂಗ್ರಹಗಳ ಮುಖ್ಯಸ್ಥರಾಗಿದ್ದ ಟಾಕೊ ಡಿಬಿಟ್ಸ್ ಕೊಟ್ಟ ಕಾರಣ ನನಗೆ ತುಂಬ ಇಷ್ಟ. ನಾವು ಸಾರ್ವಜನಿಕ ಸಂಸ್ಥೆ, ಇಲ್ಲಿರೋದು ಒಂದು ಅರ್ಥದಲ್ಲಿ ಎಲ್ಲರ ಆಸ್ತಿ ಅನ್ನೋದು ಅವರ ಮೊದಲ ಮಾತು. ಎರಡನೆಯದು ಇನ್ನೂ ಖಾರವಾದದ್ದು. ಇಂಟರ್‌ನೆಟ್ಟಿನಲ್ಲಿ ನಕಲನ್ನು ತಡೆಯೋಕೆ ಸಾಧ್ಯವೇ ಇಲ್ಲ. ಯಾರಾದರೂ ವರ್ಮೀರನನ್ನು ಟಾಯ್ಲೆಟ್ ಪೇಪರಿನ ಮೇಲೆ ಅಚ್ಚು ಹಾಕಿಯೇ ಹಾಕ್ತೀನಿ ಅಂದರೆ, ಕೆಟ್ಟ ಪ್ರತಿಯ ಬದಲು ಒಳ್ಳೆಯ ಪ್ರತಿಯನ್ನೇ ಹಾಕಲಿ ಅನ್ನೋದು ಅವರ ನಿಲುವು.

ಬಿಟ್ಟಿ ಕೊಟ್ಟರೆ ಜನ ಮ್ಯೂಸಿಯಂಗೆ ಬರೋದು ನಿಲ್ಲಿಸ್ತಾರೆ ಅಂತ ಹೆದರಿದವರಿದ್ದರು. 2023ರಲ್ಲಿ ಅದೇ ಮ್ಯೂಸಿಯಂ ವರ್ಮೀರನ 28 ಚಿತ್ರಗಳನ್ನು ಒಂದೆಡೆ ಸೇರಿಸಿದಾಗ ಟಿಕೆಟ್‌ಗಳು ಕೆಲವೇ ದಿನಗಳಲ್ಲಿ ಖಾಲಿಯಾದವು, ನಾಲ್ಕು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಆರೂವರೆ ಲಕ್ಷ ಜನ ಬಂದರು. ಅಷ್ಟೂ ಜನ ಮೊಬೈಲಿನಲ್ಲಿ ಆ ಚಿತ್ರಗಳನ್ನು ಆರಾಮಾಗಿ ನೋಡಬಹುದಿತ್ತು.

ಕಾನೂನು ಹಿಂದೆ ಬಂತು

ಆಮೇಲಿನದ್ದು ಬೇಗ ಬೇಗ ನಡೀತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಸ್ಮಿತ್ಸೋನಿಯನ್ 2020ರಲ್ಲಿ 28 ಲಕ್ಷ ಚಿತ್ರಗಳನ್ನು ತೆರೆಯಿತು.

ಎಲ್ಲರೂ ಒಪ್ಪಲಿಲ್ಲ. ಜರ್ಮನಿಯ ಮಾನ್‌ಹೈಮ್ ನಗರದ ಒಂದು ಮ್ಯೂಸಿಯಂ ತನ್ನ ಫೋಟೊಗಳನ್ನು ವಿಕಿಮೀಡಿಯದಲ್ಲಿ ಹಾಕಿದ್ದಕ್ಕೆ ಕೇಸು ಹಾಕಿತು. 2018ರ ಡಿಸೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ಕೋರ್ಟಿನಲ್ಲಿ ಮ್ಯೂಸಿಯಂ ಗೆದ್ದಿತು ಕೂಡ. ಆದರೆ ಗೆಲುವು ಹೆಚ್ಚು ದಿನ ಬಾಳಲಿಲ್ಲ. 2019ರಲ್ಲಿ ಐರೋಪ್ಯ ಒಕ್ಕೂಟ ಕಾಪಿರೈಟ್ ಬಗ್ಗೆ ಹೊಸ ನಿರ್ದೇಶನ ತಂದಾಗ ಅದರ 14ನೇ ವಿಧಿಯಲ್ಲಿ, ಕಾಪಿರೈಟ್ ಮುಗಿದ ದೃಶ್ಯಕಲಾಕೃತಿಯ ಯಥಾವತ್ ನಕಲಿಗೆ ಹೊಸ ಹಕ್ಕು ಹುಟ್ಟೋದಿಲ್ಲ ಅಂತ ಬರೆದರು. ನ್ಯೂಯಾರ್ಕಿನಲ್ಲಿ ಕಪ್ಲನ್ ಹೇಳಿದ್ದು ಇಪ್ಪತ್ತು ವರ್ಷದ ಮೇಲೆ ಯುರೋಪಿನ ಕಾನೂನಾಯಿತು.

ಇಟಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕಾಪಿರೈಟ್ ಬಿಟ್ಟು, ಪರಂಪರೆ ರಕ್ಷಣೆಯ 2004ರ ಸಂಹಿತೆಯನ್ನು ಮುಂದಿಟ್ಟು ಶುಲ್ಕ ಕೇಳುತ್ತಾರೆ. ಲಿಯೊನಾರ್ಡೊನ 'ವಿಟ್ರೂವಿಯನ್ ಮನುಷ್ಯ'ನನ್ನು ಜಿಗ್‌ಸಾ ಆಟಿಕೆ ಮಾಡಿ ಮಾರಿದ ಜರ್ಮನ್ ಕಂಪನಿಯ ವಿರುದ್ಧ 2022ರಲ್ಲಿ ವೆನಿಸ್ ಕೋರ್ಟ್ ತೀರ್ಪು ಕೊಟ್ಟಿತು. 2024ರಲ್ಲಿ ಸ್ಟುಟ್‌ಗಾರ್ಟ್ ಕೋರ್ಟ್, ನಿಮ್ಮ ಕಾನೂನು ನಿಮ್ಮ ಗಡಿಯೊಳಗೆ ಮಾತ್ರ ಅಂದಿತು. ಐನೂರು ವರ್ಷ ಹಿಂದಿನ ಒಂದು ರೇಖಾಚಿತ್ರಕ್ಕೆ ಎರಡು ದೇಶ, ಎರಡು ತೀರ್ಪು.

ಇವೆಲ್ಲ ಚಪ್ಪಟೆ ಚಿತ್ರಗಳ ಮಾತು. ಮೂರು ಆಯಾಮದ ವಸ್ತುವಿಗೆ ಬಂದರೆ ಗಂಟು ಇನ್ನಷ್ಟು ಬಿಗಿ. ಲಂಡನ್ನಿನ ವಿ ಅಂಡ್ ಎ ಮ್ಯೂಸಿಯಂನಲ್ಲಿರುವ ನಮ್ಮ ಟಿಪ್ಪುವಿನ ಹುಲಿಯನ್ನೇ ತಗೊಳ್ಳಿ. ಸೈನಿಕನ ಕುತ್ತಿಗೆಗೆ ಬಾಯಿ ಹಾಕಿದ ಆ ಮರದ ಹುಲಿಯನ್ನು ಯಾವ ಕೋನದಿಂದ, ಯಾವ ಬೆಳಕಿನಲ್ಲಿ ತೆಗೆಯಬೇಕು ಅನ್ನೋದನ್ನು ಫೋಟೊಗ್ರಾಫರ್ ಆಯ್ಕೆ ಮಾಡುತ್ತಾನೆ. ಆಯ್ಕೆ ಇರೋ ಕಡೆ ಸ್ವಂತಿಕೆ ಇದೆ, ಹಾಗಾಗಿ ಫೋಟೊಗೆ ಕಾಪಿರೈಟ್ ಇರಬಹುದು. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತೊಯ್ದ ವಸ್ತು. ಅದರ ಒಂದು ಒಳ್ಳೆ ಫೋಟೊವನ್ನು ಮೈಸೂರಿನ ಪ್ರಕಾಶಕನೊಬ್ಬ ತನ್ನ ಪುಸ್ತಕದ ಮುಖಪುಟಕ್ಕೆ ಹಾಕಬೇಕೆಂದರೆ ಲಂಡನ್ನಿನ ಷರತ್ತುಗಳನ್ನು ಓದಬೇಕು. ವಸ್ತು ಹೋದದ್ದು ಒಂದು ಸಂಗತಿ. ಅದರ ನೆರಳಿಗೂ ಅನುಮತಿ ಬೇಕಾಗೋದು ಇನ್ನೊಂದು.

ಹೆಸರು ತಪ್ಪಿದ ದೀಪದ ಹೆಂಗಸು

ಮೈಸೂರಿನ ಹೆಸರು ಬಂದಿದ್ದರಿಂದ ಅಲ್ಲಿಯದೇ ಒಂದು ಚಿತ್ರಕ್ಕೆ ಬರ್ತೀನಿ. ಹಳದಿ ಮಿಲ್ಕ್‌ಮೇಡ್‌ಗೆ ನಮ್ಮ ಕಡೆಯ ಒಬ್ಬ ತಂಗಿ ಇದ್ದಾಳೆ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ, ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಅಡ್ಡ ಹಿಡಿದ ಹೆಂಗಸು. ಬೆರಳುಗಳ ಸಂದಿಯಿಂದ ಬೆಳಕು ಕೆಂಪಗೆ ಹೊಮ್ಮುತ್ತಿರೋ ಚಿತ್ರ. ದೀಪಾವಳಿ ಬಂತೆಂದರೆ ವಾಟ್ಸಾಪಿನಲ್ಲಿ ಅದು ನಿಮಗೂ ಬಂದಿರುತ್ತೆ. ಕೆಳಗೆ ಅನೇಕ ಸಲ 'ರಾಜಾ ರವಿವರ್ಮ' ಅಂತ ಇರುತ್ತೆ.

ಅದು ರವಿವರ್ಮನದ್ದಲ್ಲ. ಎಸ್. ಎಲ್. ಹಳದಣ್‌ಕರ್ ಎಂಬ ಕಲಾವಿದ 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದದ್ದು, ರೂಪದರ್ಶಿ ಅವರ ಸ್ವಂತ ಮಗಳು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆದರೂ ತಪ್ಪು ಹೆಸರು ಸಾವಿರ ಸಲ ಫಾರ್ವರ್ಡ್ ಆಗಿದೆ, ಸರಿ ಹೆಸರಿನ ಧ್ವನಿ ಅದರ ಮುಂದೆ ಕೇಳೋದಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಟ್ಟದ್ದು ಬಣ್ಣ. ಇಲ್ಲಿ ಕೆಟ್ಟದ್ದು ಹೆಸರು. ಒಬ್ಬ ಕಲಾವಿದನಿಂದ ಅವನ ಅತಿ ಪ್ರಸಿದ್ಧ ಚಿತ್ರವನ್ನೇ ಕಿತ್ತುಕೊಂಡ ಹಾಗೆ. ಚಿತ್ರದ ಜೊತೆ ಕಲಾವಿದನ ಹೆಸರು, ವರ್ಷ, ಅಳತೆ, ಮಾಧ್ಯಮ ಬರೆದಿಡೋದನ್ನು ಮೆಟಾಡೇಟಾ ಅಂತ ಒಣ ಪದದಲ್ಲಿ ಕರೀತಾರೆ. ಆ ಒಣ ಪದದ ಬೆಲೆ ಗೊತ್ತಾಗೋದು ಹೀಗೆ ಅದು ಕಾಣೆಯಾದಾಗ.

ಇನ್ನೊಂದು ಗಂಟು ಇದೆ. ಹಳದಣ್‌ಕರ್ ತೀರಿಕೊಂಡದ್ದು 1968ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದ ಸತ್ತ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ಅಂದರೆ ಲೆಕ್ಕದ ಪ್ರಕಾರ 2028ರ ಕೊನೆಯವರೆಗೆ. ಚಿತ್ರ ಗ್ಯಾಲರಿಯಲ್ಲಿದೆ ಅಂದಮಾತ್ರಕ್ಕೆ ಅದರ ಕಾಪಿರೈಟೂ ಅಲ್ಲೇ ಇದೆ ಅಂತಲ್ಲ. ಬರೆದುಕೊಟ್ಟಿರದಿದ್ದರೆ ಆ ಹಕ್ಕು ಕಲಾವಿದನ ವಾರಸುದಾರರದ್ದು. ಇಪ್ಪತ್ತನೇ ಶತಮಾನದ ಕಲೆ ಇಟ್ಟುಕೊಂಡಿರುವ ಪ್ರತಿ ಮ್ಯೂಸಿಯಂಗೂ ಇದು ದೊಡ್ಡ ತಲೆನೋವು. ಗೋಡೆಯ ಮೇಲೆ ತೂಗುಹಾಕಬಹುದು, ವೆಬ್‌ಸೈಟಿಗೆ ಹಾಕೋ ಮೊದಲು ನೂರಾರು ಕುಟುಂಬಗಳನ್ನು ಹುಡುಕಿಕೊಂಡು ಹೋಗಬೇಕು.

ಎಲ್ಲವನ್ನೂ ತೆರೆಯಬೇಕಾ?

ಇಷ್ಟು ಹೇಳಿ, ಎಲ್ಲವನ್ನೂ ಬಟಾಬಯಲು ಮಾಡಿಬಿಡಿ ಅಂತ ನಾನು ಹೇಳೋದಿಲ್ಲ. ಆಸ್ಟ್ರೇಲಿಯದ ಟೆನೆಂಟ್ ಕ್ರೀಕ್‌ನ ವರುಮುಂಗು ಸಮುದಾಯದ ಜೊತೆ ಸೇರಿ ರೂಪಿಸಿದ 'ಮುಕುರ್ತು' ಅಂತೊಂದು ಸಾಫ್ಟ್‌ವೇರ್ ಇದೆ. ಅಲ್ಲಿ ಯಾವ ಚಿತ್ರವನ್ನು ಯಾರು ನೋಡಬಹುದು ಅಂತ ತೀರ್ಮಾನಿಸೋದು ಆ ಸಮುದಾಯ. ಕೆಲವು ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ ಮಾತ್ರ. ಸತ್ತವರ ಚಿತ್ರಗಳಿಗೆ ಬೇರೆ ನಿಯಮ. ಯಾರನ್ನೂ ಕೇಳದೆ ತೆಗೆದ ಫೋಟೊವನ್ನು ಯಾರನ್ನೂ ಕೇಳದೆ ಜಗತ್ತಿಗೆ ಹಂಚೋದು ಉದಾರತನವಲ್ಲ. ವರ್ಮೀರನ ಅಡುಗೆಯಾಕೆ ಮತ್ತು ಒಂದು ಬುಡಕಟ್ಟಿನ ಪವಿತ್ರ ವಸ್ತು ಎರಡಕ್ಕೂ ಒಂದೇ ನಿಯಮ ಹಾಕೋಕಾಗಲ್ಲ. ಆದರೆ ಇಲ್ಲಿ ಬಾಗಿಲು ಮುಚ್ಚೋದು ಗೌರವಕ್ಕೆ, ಶುಲ್ಕಕ್ಕಲ್ಲ ಅನ್ನೋದನ್ನು ಗಮನಿಸಿ.

ನಮ್ಮ ದೇಶದ ಮಾತಿಗೆ ಬಂದರೆ, ಕೇಂದ್ರ ಸಂಸ್ಕೃತಿ ಸಚಿವಾಲಯದ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಅಂತಾಣ ಇದೆ. ಪುಣೆಯ ಸಿ-ಡ್ಯಾಕ್‌ನವರ 'ಜತನ್' ಎಂಬ ಸಾಫ್ಟ್‌ವೇರ್ ಅದರ ಬೆನ್ನೆಲುಬು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಅದರಲ್ಲಿದೆ. ಕಾನೂನಿನ ಕಡೆಯಿಂದಲೂ ಒಂದು ಬೆಳಕಿಂಡಿ ಇದೆ. ಕೋರ್ಟ್ ತೀರ್ಪುಗಳ ಪ್ರಕಟಣೆಯ ಬಗೆಗಿನ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬರೀ ಬೆವರು ಸುರಿಸಿದರೆ ಕಾಪಿರೈಟ್ ಹುಟ್ಟೋದಿಲ್ಲ, ಒಂದಿಷ್ಟಾದರೂ ಸೃಜನಶೀಲತೆ ಬೇಕು ಅಂತ ಹೇಳಿಯಾಗಿದೆ. ಮ್ಯೂಸಿಯಂ ಫೋಟೊಗಳ ಬಗ್ಗೆ ಅಲ್ಲದಿದ್ದರೂ, ತರ್ಕ ಕಪ್ಲನ್ ಅವರದ್ದಕ್ಕೆ ಹತ್ತಿರದ್ದು.

ಇನ್ನು ಉಳಿದಿರೋದು ಮನಸ್ಸು. ಮ್ಯೂಸಿಯಂ ಒಳ್ಳೆಯ ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಜನ ಚಿತ್ರ ನೋಡೋದನ್ನು ನಿಲ್ಲಿಸೋದಿಲ್ಲ, ಕೆಟ್ಟದ್ದನ್ನೇ ನೋಡ್ತಾರೆ. ಆಮೇಲೆ ಅದೇ ನಿಜ ಅಂದುಕೊಳ್ತಾರೆ. ಇವತ್ತಿನ ಎಐ ಮಾದರಿಗಳೂ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿತ್ರಗಳಿಂದಲೇ ಕಲಿಯುತ್ತಿರುವಾಗ, ಹಳದಿ ಬಣ್ಣ ಮತ್ತು ತಪ್ಪು ಹೆಸರು ಇನ್ನೂ ದೂರ ಪ್ರಯಾಣ ಮಾಡುತ್ತವೆ. ರೈಕ್ಸ್‌ಮ್ಯೂಸಿಯಂ ಮಾಡಿದ್ದು ಒಂದೇ ಕೆಲಸ. ಕೆಟ್ಟ ಪ್ರತಿಗಳನ್ನು ಅಟ್ಟಿಸಿಕೊಂಡು ಹೋಗೋದನ್ನು ಬಿಟ್ಟು, ಸರಿಯಾದ ಪ್ರತಿಯನ್ನು ಎಲ್ಲರಿಗಿಂತ ಮುಂದೆ ತಂದಿಟ್ಟಿತು.

ಬಿಡುವಾದಾಗ ಅವರ ತಾಣಕ್ಕೆ ಹೋಗಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹಾಲಿನ ಧಾರೆ ನೋಡಿದ ಮೇಲೆ ಗೋಡೆ ಕಡೆ ಹೋಗಿ, ಮೊಳೆಯ ತೂತುಗಳು ಕಾಣುತ್ತವೆ. ನಮ್ಮ ದೀಪದ ಹೆಂಗಸನ್ನೂ ಹೀಗೇ ಹತ್ತಿರದಿಂದ, ಅವಳನ್ನು ಬರೆದವರ ಸರಿಯಾದ ಹೆಸರಿನ ಜೊತೆ ನೋಡುವಂತಾಗಬೇಕು. ಅಲ್ಲಿಯವರೆಗೆ, ಮುಂದಿನ ದೀಪಾವಳಿಗೆ ಆ ಚಿತ್ರ ನಿಮ್ಮ ಗ್ರೂಪಿಗೆ ಬಂದಾಗ, ಕೆಳಗೆ 'ಹಳದಣ್‌ಕರ್' ಅಂತ ಒಂದು ಸಾಲು ಬರೆಯಿರಿ.